ಪರಿಸರ ಅರ್ಥಶಾಸ್ತ್ರದಲ್ಲಿ ಎಂಎ, ಪಿಎಚ್‌ಡಿ: ಕಲಬುರಗಿ, ಬೀದರ್, ಯಾದಗಿರಿ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಅರ್ಥಶಾಸ್ತ್ರದಲ್ಲಿ ಎಂಎ ಮಾಡುವವರಿಗೆ ಕೊರತೆ ಇಲ್ಲ. ಆದರೆ ಅದರೊಳಗಿನ ಪರಿಸರ ಮತ್ತು ನೈಸರ್ಗಿಕ ಸಂಪನ್ಮೂಲ ಅರ್ಥಶಾಸ್ತ್ರದ ಕಡೆ ಹೋಗುವವರು ಕಡಿಮೆ. ಬತ್ತಿದ ಬೋರ್, ಕಾಲುವೆ ತುದಿಗೆ ಬಾರದ ನೀರು, ಸುಣ್ಣದಕಲ್ಲು ಗಣಿಯ ಧೂಳು, ಭೀಮಾ ನದಿಯ ಮರಳು. ಈ ಶಾಖೆ ಓದುವುದು ಇವನ್ನೇ. ಅಂದರೆ ಪಾಠದ ಅರ್ಧ ಸಾಮಗ್ರಿ ನಮ್ಮ ಊರಲ್ಲೇ ಬಿದ್ದಿದೆ.

ಈ ಬರಹ ಮುಖ್ಯವಾಗಿ ಕನ್ನಡ ಮಾಧ್ಯಮದಲ್ಲಿ ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಓದಿ ಬಿಎ ಮುಗಿಸಿದವರಿಗೆ. ಬಿಎಸ್ಸಿ ಅಗ್ರಿ, ಬಿಕಾಂ, ಇಂಜಿನಿಯರಿಂಗ್ ಮಾಡಿದವರೂ ಓದಬಹುದು. ಅವರಿಗೆ ಎರಡನೇ ಹೆಜ್ಜೆ ಸ್ವಲ್ಪ ಹಗುರ, ಅಷ್ಟೇ.

ಮೊದಲೇ ಹೇಳಿಬಿಡುತ್ತೇನೆ. ಕೋರ್ಸಿನ ಹೆಸರಿನ ಹಿಂದೆ ಬೀಳಬೇಡಿ. ‘ಪರಿಸರ ಅರ್ಥಶಾಸ್ತ್ರ’ ಅಂತ ಬೋರ್ಡ್ ಹಾಕಿದ ವಿಭಾಗ ದೇಶದಲ್ಲಿ ಬೆರಳೆಣಿಕೆಯಷ್ಟೂ ಇಲ್ಲ. ಗಟ್ಟಿ ಗಣಿತ, ಒಳ್ಳೆಯ ಗೈಡ್, ನಿಮ್ಮದೇ ಒಂದು ಪ್ರಶ್ನೆ ಇದ್ದರೆ ಯಾವ ಅರ್ಥಶಾಸ್ತ್ರ ವಿಭಾಗದಲ್ಲಿ ಕುಳಿತಾದರೂ ಈ ಕೆಲಸ ಮಾಡಬಹುದು.

ಹೆಜ್ಜೆ 1: ಇದು ನಿಮಗೆ ಹೊಂದುತ್ತದಾ ನೋಡಿಕೊಳ್ಳಿ

ಇದು ಪರಿಸರ ವಿಜ್ಞಾನ ಅಲ್ಲ. ಲ್ಯಾಬ್ ಇರುವುದಿಲ್ಲ, ನೀರಿನ ಸ್ಯಾಂಪಲ್ ಪರೀಕ್ಷೆ ಇರುವುದಿಲ್ಲ. ಪರಿಸರ ಹೋರಾಟವೂ ಅಲ್ಲ. ಕಾಳಜಿ ಇರಲಿ, ಆದರೆ ಇಲ್ಲಿ ಅಂಕ ಬರುವುದು ಲೆಕ್ಕಕ್ಕೆ.

ಪರಿಸರ ಅರ್ಥಶಾಸ್ತ್ರ ಹೆಚ್ಚಾಗಿ ಮಾಲಿನ್ಯದ ಬಗ್ಗೆ ಮಾತಾಡುತ್ತದೆ. ಒಬ್ಬರು ಮಾಡಿದ ಹಾನಿಯ ಖರ್ಚು ಇನ್ನೊಬ್ಬರ ತಲೆ ಮೇಲೆ ಬಿದ್ದರೆ ಏನು ಮಾಡಬೇಕು ಅನ್ನುವುದು ಅದರ ಪ್ರಶ್ನೆ. ಸಂಪನ್ಮೂಲ ಅರ್ಥಶಾಸ್ತ್ರ ನೀರು, ಕಾಡು, ಮೀನು, ಖನಿಜಗಳ ಬಗ್ಗೆ. ಇವತ್ತು ಎಷ್ಟು ಬಳಸಬೇಕು, ನಾಳೆಗೆ ಎಷ್ಟು ಉಳಿಸಬೇಕು ಅನ್ನುವುದು ಅದರ ಲೆಕ್ಕ. ಮೂರನೆಯದು ಇಕಲಾಜಿಕಲ್ ಎಕನಾಮಿಕ್ಸ್. ಬೆಲೆ ಕಟ್ಟುವ ಕೆಲಸವನ್ನೇ ಅದು ಅನುಮಾನದಿಂದ ನೋಡುತ್ತದೆ. ಭೂಮಿಗೆ ಒಂದು ಮಿತಿ ಇದೆ, ಅಲ್ಲಿಂದ ಶುರು ಮಾಡಿ ಅನ್ನುತ್ತದೆ. ಎಂಎ ಮಟ್ಟದಲ್ಲಿ ಮೂರನ್ನೂ ಓದಿ. ಯಾವ ಪಾರ್ಟಿ ಅಂತ ಈಗಲೇ ತೀರ್ಮಾನ ಮಾಡಬೇಕಾಗಿಲ್ಲ.

ಹೊಂದುತ್ತದಾ ಅಂತ ತಿಳಿಯಲು ಒಂದು ಸಣ್ಣ ಲೆಕ್ಕ ಮಾಡಿ. ಊರಲ್ಲಿ ಒಂದು ಚೆಕ್‌ಡ್ಯಾಂ ಕಟ್ಟಿದರು ಅಂದುಕೊಳ್ಳಿ. ಇಪ್ಪತ್ತು ವರ್ಷ ಕಳೆದ ಮೇಲೆ ಅದರಿಂದ 1 ಲಕ್ಷ ರೂಪಾಯಿ ಲಾಭ ಬರುತ್ತದೆ. ಆ ಲಾಭದ ಇವತ್ತಿನ ಬೆಲೆ ಎಷ್ಟು? ಮುಂದೆ ಬರುವ ದುಡ್ಡನ್ನು ಇವತ್ತಿನ ಬೆಲೆಗೆ ಇಳಿಸುವ ದರ (ಡಿಸ್ಕೌಂಟ್ ದರ) ವರ್ಷಕ್ಕೆ ಶೇ. 10 ಅಂತ ಹಿಡಿದರೆ ಸುಮಾರು 14,900 ರೂಪಾಯಿ. ಶೇ. 4 ಹಿಡಿದರೆ ಸುಮಾರು 45,600. ಅದೇ ಚೆಕ್‌ಡ್ಯಾಂ, ಅದೇ ನೀರು. ದರ ಬದಲಾದ ಕೂಡಲೇ ‘ಕಟ್ಟಬಾರದು’ ಅನ್ನುವುದು ‘ಕಟ್ಟಬೇಕು’ ಆಗಿಬಿಡಬಹುದು. ಹವಾಮಾನ ಬದಲಾವಣೆಯ ಬಗ್ಗೆ ಅರ್ಥಶಾಸ್ತ್ರಜ್ಞರ ನಡುವೆ ನಡೆದ ದೊಡ್ಡ ಜಗಳಗಳಲ್ಲಿ ಒಂದು ಇದೇ ದರದ ಬಗ್ಗೆ. ಈ ಲೆಕ್ಕ ನೋಡಿ ‘ಹೌದಾ, ಯಾಕೆ ಹಾಗೆ?’ ಅನ್ನಿಸಿದರೆ ಮುಂದೆ ಓದಿ. ಬೇಜಾರಾದರೆ ಸಮಾಜಶಾಸ್ತ್ರ, ಅಭಿವೃದ್ಧಿ ಅಧ್ಯಯನದ ಮೂಲಕವೂ ಪರಿಸರದ ಕೆಲಸ ಮಾಡಬಹುದು. ಅದೇನು ಕೀಳು ದಾರಿ ಅಲ್ಲ.

ಹೆಜ್ಜೆ 2: ಗಣಿತದ ಸಾಲ ತೀರಿಸಿ

ನಮ್ಮ ಹುಡುಗ ಹುಡುಗಿಯರು ಹಿಂದೆ ಬೀಳುವುದು ಇಲ್ಲೇ. ಬುದ್ಧಿ ಕಡಿಮೆ ಅಂತಲ್ಲ. ಎಸ್‌ಎಸ್‌ಎಲ್‌ಸಿ ಆದಮೇಲೆ ಐದು ವರ್ಷ ಗಣಿತ ಮುಟ್ಟಿಯೇ ಇರುವುದಿಲ್ಲ, ಅದಕ್ಕೆ. ಕೆಲವು ಸಂಸ್ಥೆಗಳು ಪಿಯುಸಿಯಲ್ಲಿ ಗಣಿತ ಇರಲೇಬೇಕು ಅನ್ನುತ್ತವೆ. ಆ ಬಾಗಿಲು ಮುಚ್ಚಿದ್ದರೆ ಕೊರಗಬೇಡಿ. ಹಾಗೆ ಕೇಳದ ಕಡೆ ಅರ್ಜಿ ಹಾಕಿ. ಆದರೆ ಕೇಳಲಿಲ್ಲ ಅಂತ ಕಲಿಯದೆ ಬಿಟ್ಟರೆ ಮೊದಲ ಸೆಮಿಸ್ಟರಿನಲ್ಲೇ ಉಸಿರು ಕಟ್ಟುತ್ತದೆ.

ಕಲಿಯುವ ಕ್ರಮ ಇಷ್ಟು. ಮೊದಲು ಪಿಯುಸಿ ಎರಡನೇ ವರ್ಷದ ಗಣಿತ ಪುಸ್ತಕ ತೆಗೆದುಕೊಂಡು ಡಿಫರೆನ್ಸಿಯೇಶನ್, ಇಂಟಿಗ್ರೇಶನ್, ಮ್ಯಾಟ್ರಿಕ್ಸ್, ಪ್ರಾಬಬಿಲಿಟಿ ಅಧ್ಯಾಯಗಳನ್ನು ಕೈಯಲ್ಲಿ ಬಿಡಿಸಿ. ವಿಡಿಯೋ ನೋಡಿದರೆ ಅರ್ಥವಾದಂತೆ ಅನ್ನಿಸುತ್ತದೆ, ಪೆನ್ನು ಹಿಡಿದಾಗ ಬರುವುದಿಲ್ಲ. ಆಮೇಲೆ ಎರಡು ಚರಾಂಶಗಳ ಡೆರಿವೇಟಿವ್, ಗರಿಷ್ಠ–ಕನಿಷ್ಠ, ಲಗ್ರಾಂಜ್ ವಿಧಾನ.

ಲಗ್ರಾಂಜ್ ವಿಧಾನಕ್ಕೆ ಒಂದು ವಾರ ಹೆಚ್ಚೇ ಕೊಡಿ. ಒಬ್ಬ ರೈತನ ಹತ್ತಿರ ಇಂತಿಷ್ಟೇ ನೀರಿದೆ. ಅದನ್ನು ಹತ್ತಿ ಮತ್ತು ಮೆಣಸಿನಕಾಯಿಗೆ ಹಂಚಿ ಜಾಸ್ತಿ ಲಾಭ ಮಾಡಬೇಕು. ಲೆಕ್ಕ ಬಿಡಿಸಿದಾಗ ಲ್ಯಾಂಬ್ಡಾ ಅನ್ನುವ ಒಂದು ಸಂಖ್ಯೆ ಬರುತ್ತದೆ. ನೀರು ಇನ್ನೂ ಒಂದು ಘಟಕ ಸಿಕ್ಕರೆ ಲಾಭ ಎಷ್ಟು ಏರುತ್ತದೆ ಅನ್ನುವುದನ್ನು ಅದು ಹೇಳುತ್ತದೆ. ಅದೇ ನೀರಿನ ಶ್ಯಾಡೋ ಪ್ರೈಸ್. ಮಾರುಕಟ್ಟೆಯಲ್ಲಿ ಬೆಲೆಯೇ ಇಲ್ಲದ ನೀರಿಗೆ ಬೆಲೆ ಹುಟ್ಟುವುದು ಅಲ್ಲಿ. ಈ ವಿಷಯದ ಬಹುಪಾಲು ಕೊನೆಗೆ ಇದೇ ಸಂಖ್ಯೆಯನ್ನು ಹುಡುಕುವ ಕೆಲಸ.

ಸಂಖ್ಯಾಶಾಸ್ತ್ರದಲ್ಲಿ ರಿಗ್ರೆಶನ್ (ಒಂದು ಅಂಶ ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಅಂತ ಅಳೆಯುವ ವಿಧಾನ) ತನಕ ಬನ್ನಿ. ಸರ್ಕಾರದ ಆನ್‌ಲೈನ್ ಪಾಠದ ತಾಣಗಳಾದ ‘ಸ್ವಯಂ’ ಮತ್ತು ಎನ್‌ಪಿಟಿಇಎಲ್‌ನಲ್ಲಿ ಮೈಕ್ರೋ ಎಕನಾಮಿಕ್ಸ್, ಎಕನಾಮೆಟ್ರಿಕ್ಸ್ (ಆರ್ಥಿಕ ಪ್ರಶ್ನೆಗಳನ್ನು ಅಂಕಿಅಂಶದಿಂದ ಪರೀಕ್ಷಿಸುವ ಶಾಖೆ) ಪಾಠಗಳು ಉಚಿತವಾಗಿ ಸಿಗುತ್ತವೆ. ಅವು ಇಂಗ್ಲಿಷ್‌ನಲ್ಲಿವೆ ಅಂತ ಹೆದರಬೇಡಿ. ಗಣಿತದ ಇಂಗ್ಲಿಷ್‌ಗೆ ಪದಗಳು ಕಡಿಮೆ, ಅವೇ ಮತ್ತೆ ಮತ್ತೆ ಬರುತ್ತವೆ. ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಓದಲು ಇದಕ್ಕಿಂತ ಸುಲಭದ ಜಾಗ ಇಲ್ಲ.

ಹೆಜ್ಜೆ 3: ಯಾವ ಬಾಗಿಲು ತಟ್ಟಬೇಕು

ಊರು ಬಿಡದೆ ಓದಬೇಕು ಅಂದರೆ ಎರಡು ಮುಖ್ಯ ಜಾಗ. ಒಂದು 1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯ, ಜ್ಞಾನಗಂಗಾ ಕ್ಯಾಂಪಸ್. ಇನ್ನೊಂದು ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರಿಂದ ಇರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ. ಎರಡರಲ್ಲೂ ಅರ್ಥಶಾಸ್ತ್ರದಲ್ಲಿ ಎಂಎ ಇದೆ. ಬೀದರಿನವರು 2023ರಲ್ಲಿ ಆರಂಭವಾದ ಬೀದರ್ ವಿಶ್ವವಿದ್ಯಾಲಯದ ಪಿಜಿ ಪಟ್ಟಿಯನ್ನೂ ನೋಡಿ. ಸೇರುವ ಮೊದಲು ಸಿಲೆಬಸ್ ತೆಗೆದು ಎರಡು ವಿಷಯ ಹುಡುಕಿ: ಪರಿಸರ ಅರ್ಥಶಾಸ್ತ್ರದ ಪೇಪರ್ ಇದೆಯಾ, ಎಕನಾಮೆಟ್ರಿಕ್ಸ್ ಕಡ್ಡಾಯವಾ. ಎರಡರಲ್ಲಿ ಒಂದೇ ಸಿಗುತ್ತದೆ ಅಂದರೆ ಎಕನಾಮೆಟ್ರಿಕ್ಸ್ ಇರುವ ಕಡೆ ಹೋಗಿ. ಪರಿಸರದ ಪಾಠವನ್ನು ಸ್ವಂತ ಓದಿ ತುಂಬಿಕೊಳ್ಳಬಹುದು, ಎಕನಾಮೆಟ್ರಿಕ್ಸನ್ನು ಒಬ್ಬರೇ ಕುಳಿತು ಕಲಿಯುವುದು ಕಷ್ಟ.

ಬಿಎಸ್ಸಿ ಅಗ್ರಿ ಓದಿದವರಿಗೆ ಬೇರೆಯೇ ಒಂದು ದಾರಿ ಇದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಲಬುರಗಿ ಅಥವಾ ಭೀಮರಾಯನಗುಡಿ ಕಾಲೇಜಿನಿಂದ ಬಂದವರು ಎಂಎಸ್ಸಿ ಕೃಷಿ ಅರ್ಥಶಾಸ್ತ್ರಕ್ಕೆ ಹೋಗಬಹುದು. ರಾಯಚೂರು, ಧಾರವಾಡ, ಬೆಂಗಳೂರು ಮೂರೂ ಕಡೆ ಅದು ಇದೆ. ಅಂತರ್ಜಲ, ಜಲಾನಯನ, ಮಣ್ಣಿನ ಸವಕಳಿಯ ಮೇಲೆ ಥೀಸಿಸ್ ಮಾಡಲು ಅದು ಬಹಳ ಒಳ್ಳೆಯ ಜಾಗ. ನನ್ನ ಪ್ರಕಾರ ನಮ್ಮ ಭಾಗದಲ್ಲಿ ಜನ ಸರಿಯಾಗಿ ಗಮನಿಸದ ದಾರಿ ಇದೇ.

ಹೊರಗೆ ಹೋಗುವ ಧೈರ್ಯ ಇದ್ದರೆ ಪಟ್ಟಿ ದೊಡ್ಡದಾಗುತ್ತದೆ. ಚೆನ್ನೈನ ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್ ಪರಿಸರ ಅರ್ಥಶಾಸ್ತ್ರಕ್ಕೆಂದೇ ಎಂಎ ನಡೆಸಿಕೊಂಡು ಬಂದಿದೆ. ದೆಹಲಿಯ ಟೆರಿ ಸ್ಕೂಲ್‌ನಲ್ಲಿ ಪರಿಸರ ಮತ್ತು ಸಂಪನ್ಮೂಲದ ಸ್ಪೆಶಲೈಸೇಶನ್ ಇರುವ ಅರ್ಥಶಾಸ್ತ್ರದ ಸ್ನಾತಕೋತ್ತರ ಕೋರ್ಸ್ ಇದೆ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಮುಂಬೈನ ಐಜಿಐಡಿಆರ್, ಪುಣೆಯ ಗೋಖಲೆ ಇನ್‌ಸ್ಟಿಟ್ಯೂಟ್ ಹೆಸರಿನಲ್ಲಿ ಪರಿಸರ ಇಲ್ಲ, ಆದರೆ ತಳಪಾಯ ಗಟ್ಟಿ. ಪುಣೆಗೆ ಕಲಬುರಗಿಯಿಂದ ಸೊಲ್ಲಾಪುರ ಮೇಲೆ ನೇರ ರೈಲುಗಳಿವೆ. ಮನೆಯವರನ್ನು ಒಪ್ಪಿಸುವಾಗ ಇದೂ ಒಂದು ಪಾಯಿಂಟ್.

ಪಿಎಚ್‌ಡಿಗೆ ಬೆಂಗಳೂರಿನ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ) ಮರೆಯಬೇಡಿ. ವಿ. ಕೆ. ಆರ್. ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಂಸ್ಥೆ. ಅಲ್ಲಿ ಇಕಲಾಜಿಕಲ್ ಎಕನಾಮಿಕ್ಸ್ ಮತ್ತು ನೈಸರ್ಗಿಕ ಸಂಪನ್ಮೂಲಕ್ಕೇ ಒಂದು ಕೇಂದ್ರ ಇದೆ. ಬೆಂಗಳೂರಿನದೇ ಆದ ಏಟ್ರೀ ಸಂಸ್ಥೆಯಲ್ಲಿ ವಿಜ್ಞಾನ ಮತ್ತು ಸಮಾಜಶಾಸ್ತ್ರ ಬೆರೆತ ಸಂಶೋಧನೆಗೆ ಅವಕಾಶ ಇದೆ.

ಹೆಜ್ಜೆ 4: ಪ್ರವೇಶ ಪರೀಕ್ಷೆ

ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ-ಪಿಜಿ ಬೇಕು. ಅರ್ಜಿ ಸಾಮಾನ್ಯವಾಗಿ ಚಳಿಗಾಲದಲ್ಲಿ ಕರೆಯುತ್ತಾರೆ, ಪರೀಕ್ಷೆ ಮಾರ್ಚ್ ಹೊತ್ತಿಗೆ. ಬಿಎ ಕೊನೆಯ ಸೆಮಿಸ್ಟರ್ ಇನ್ನೂ ಮುಗಿದಿರುವುದಿಲ್ಲ. ‘ರಿಸಲ್ಟ್ ಬಂದಮೇಲೆ ನೋಡೋಣ’ ಅಂದವರಿಗೆ ಒಂದು ವರ್ಷ ಹೋಯಿತು ಅಂತಲೇ ಲೆಕ್ಕ. ಅರ್ಥಶಾಸ್ತ್ರದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದೇ ಒಳ್ಳೆಯ ತಯಾರಿ. ಕೋಚಿಂಗ್‌ಗೆ ಸಾಲ ಮಾಡುವ ಅಗತ್ಯ ನನಗಂತೂ ಕಾಣುವುದಿಲ್ಲ. ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ ಬೇರೆ, ಅದು ಡಿಗ್ರಿ ಫಲಿತಾಂಶದ ನಂತರ.

ಹೆಜ್ಜೆ 5: ಎಂಎ ಓದುವಾಗ ನಾಲ್ಕು ವಿಚಾರ ಗಟ್ಟಿ ಮಾಡಿಕೊಳ್ಳಿ

ಸಿಲೆಬಸ್‌ನಲ್ಲಿ ಇಪ್ಪತ್ತು ಹೆಸರು ಇರುತ್ತವೆ. ಎಲ್ಲವೂ ಒಂದೇ ತೂಕದವು ಅಲ್ಲ.

ಮೊದಲನೆಯದು ಅರ್ಥಶಾಸ್ತ್ರಜ್ಞರಾದ ಪಿಗೂ ಮತ್ತು ಕೋಸ್ ವಿಚಾರಗಳ ನಡುವಿನ ವಾದ. ಹಾನಿ ಮಾಡಿದವರ ಮೇಲೆ ಹಾನಿಯಷ್ಟೇ ತೆರಿಗೆ ಹಾಕಿ ಅನ್ನುವ ವಿಚಾರ ಪಿಗೂ ಅವರದು, 1920ರ ಕಾಲದ್ದು. 1960ರಲ್ಲಿ ಕೋಸ್ ಬೇರೆ ಮಾತು ಹೇಳಿದರು. ಹಕ್ಕು ಯಾರದು ಅಂತ ಸ್ಪಷ್ಟ ಇದ್ದು, ಮಾತುಕತೆಗೆ ಖರ್ಚು ಇಲ್ಲದಿದ್ದರೆ ಎರಡೂ ಕಡೆಯವರು ಕುಳಿತೇ ಬಗೆಹರಿಸಿಕೊಳ್ಳುತ್ತಾರೆ ಅಂತ. ಈಗ ಇದನ್ನು ಸೇಡಂ ಕಡೆಗೆ ತನ್ನಿ. ಒಂದು ಕಡೆ ಒಂದು ಸಿಮೆಂಟ್ ಕಾರ್ಖಾನೆ, ಇನ್ನೊಂದು ಕಡೆ ನಾಲ್ಕೈದು ಊರಿನ ನೂರಾರು ರೈತರು. ಅವರೆಲ್ಲ ಒಟ್ಟಾಗಿ, ವಕೀಲರನ್ನು ಹಿಡಿದು, ಧೂಳಿನ ಹಾನಿ ಲೆಕ್ಕ ಹಾಕಿ, ಮಾತುಕತೆಗೆ ಕೂರುವ ಖರ್ಚು ಸೊನ್ನೆಯಾ? ಅಲ್ಲ. ಆ ಖರ್ಚು ಇಲ್ಲದ ಲೋಕ ಎಲ್ಲೂ ಇಲ್ಲ ಅನ್ನುವುದು ಕೋಸ್ ಅವರಿಗೂ ಗೊತ್ತಿತ್ತು. ಪರೀಕ್ಷೆಗೆ ಓದುವವರು ಈ ಅರ್ಧವನ್ನು ಬಿಟ್ಟುಬಿಡುತ್ತಾರೆ.

ಎರಡನೆಯದು ಎಲ್ಲರದೂ ಆದ ಸಂಪನ್ಮೂಲ. ಕಪ್ಪು ಮಣ್ಣಿನ ಹೊಲದಲ್ಲಿ ಅಕ್ಕಪಕ್ಕ ಎರಡು ಬೋರ್ ಇವೆ. ಕೆಳಗಿನ ನೀರು ಒಂದೇ. ನಾನು ಇವತ್ತು ಪಂಪ್ ಬಂದ್ ಮಾಡಿದರೆ ಉಳಿದ ನೀರು ನನಗೇ ಸಿಗುತ್ತದೆ ಅಂತ ಗ್ಯಾರಂಟಿ ಇಲ್ಲ, ಪಕ್ಕದವರ ಪಂಪಿಗೆ ಹೋಗಬಹುದು. ಅದಕ್ಕೇ ಯಾರೂ ಬಂದ್ ಮಾಡುವುದಿಲ್ಲ. ಕರ್ನಾಟಕದಲ್ಲಿ 10 ಎಚ್‌ಪಿ ತನಕದ ನೀರಾವರಿ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಹಾಗಾಗಿ ಆಳ ಹೆಚ್ಚಿದಂತೆ ಏರಬೇಕಾದ ಖರ್ಚು ರೈತರ ಬಿಲ್ಲಿನಲ್ಲಿ ಕಾಣುವುದೇ ಇಲ್ಲ. ಗೊತ್ತಾಗುವುದು ಹೊಸ ಬೋರ್ ಕೊರೆಸುವ ದಿನ.

ಇದನ್ನು ಮೀನುಗಾರಿಕೆಯ ಉದಾಹರಣೆಯಲ್ಲಿ ಗಾರ್ಡನ್ 1954ರಲ್ಲೇ ಲೆಕ್ಕ ಹಾಕಿ ತೋರಿಸಿದರು. 1968ರಲ್ಲಿ ಹಾರ್ಡಿನ್ ಬರೆದ ಲೇಖನ ಇದಕ್ಕಿಂತ ಹೆಚ್ಚು ಹೆಸರಾಯಿತು. ಹೀಗೆ ಬಿಟ್ಟರೆ ಹಾಳೇ ಗತಿ ಅನ್ನುವುದು ಅದರ ಧಾಟಿ. ಎಲಿನಾರ್ ಆಸ್ಟ್ರಂ ಇದನ್ನು ಒಪ್ಪಲಿಲ್ಲ. ಜನ ತಾವೇ ನಿಯಮ ಮಾಡಿಕೊಂಡು ಕೆರೆ, ಕಾಡು, ಅಂತರ್ಜಲ ಕಾಪಾಡಿಕೊಂಡ ಎಷ್ಟೋ ಉದಾಹರಣೆ ಕೂಡಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಬಹುಮಾನ ಪಡೆದ ಮೊದಲ ಮಹಿಳೆ ಅವರು. 1965ರ ಅವರ ಪಿಎಚ್‌ಡಿ ವಿಷಯ ಕ್ಯಾಲಿಫೋರ್ನಿಯಾದ ಅಂತರ್ಜಲ. ಬೋರ್‌ವೆಲ್ ಸಣ್ಣ ವಿಷಯ, ಅದರ ಮೇಲೆ ಏನು ಪಿಎಚ್‌ಡಿ ಅಂತ ಯಾರಾದರೂ ನಕ್ಕರೆ ಇದನ್ನು ಹೇಳಿ.

ಮೂರನೆಯದು ಹೊಟೆಲಿಂಗ್ ನಿಯಮ, 1931ರದ್ದು. ತೆಗೆದರೆ ಮತ್ತೆ ಬಾರದ ಖನಿಜದ ವಿಷಯ. ತೆಗೆಯುವ ಖರ್ಚು ಕಳೆದು ಉಳಿಯುವ ಬೆಲೆ ಬಡ್ಡಿ ದರದಲ್ಲಿ ಏರುತ್ತಾ ಹೋಗಬೇಕು ಅನ್ನುತ್ತದೆ. ಇಲ್ಲದಿದ್ದರೆ ಗಣಿ ಮಾಲೀಕ ಇವತ್ತೇ ಎಲ್ಲ ತೆಗೆದು ದುಡ್ಡನ್ನು ಬ್ಯಾಂಕಿನಲ್ಲಿಡುತ್ತಾನೆ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಇದೆ. ಅಂಥದ್ದಕ್ಕೆ ಈ ನಿಯಮ ಯೋಚಿಸಲು ಯೋಗ್ಯ. ವಾಡಿ, ಮಳಖೇಡದ ಸುಣ್ಣದಕಲ್ಲಿಗೆ ಇದನ್ನು ಒತ್ತಾಯದಿಂದ ಹಚ್ಚಬೇಡಿ. ಅಲ್ಲಿ ಕಲ್ಲು ಮುಗಿಯುವುದು ದೊಡ್ಡ ಸಮಸ್ಯೆ ಅಲ್ಲ. ಹೊಲ ಹೋಗುವುದು, ಧೂಳು ಬರುವುದು ಸಮಸ್ಯೆ.

ನಾಲ್ಕನೆಯದು ಬೆಲೆ ಕಟ್ಟುವ ವಿಧಾನಗಳು. ಜನ ಒಂದು ಜಾಗಕ್ಕೆ ಎಷ್ಟು ದೂರದಿಂದ, ಎಷ್ಟು ಖರ್ಚು ಮಾಡಿ ಬರುತ್ತಾರೆ ಅಂತ ನೋಡುವುದು ಒಂದು. ಶುದ್ಧ ಗಾಳಿ ಇರುವ ಬಡಾವಣೆಯ ಮನೆ ಬಾಡಿಗೆ ಎಷ್ಟು ಜಾಸ್ತಿ ಅಂತ ನೋಡುವುದು ಇನ್ನೊಂದು. ನೇರವಾಗಿ ‘ಇದಕ್ಕೆ ಎಷ್ಟು ಕೊಡುತ್ತೀರಿ’ ಅಂತ ಕೇಳುವುದು ಮಗದೊಂದು. ಈ ಕೊನೆಯದರ ಮೇಲೆ ಜಗಳ ಬಹಳ. 1989ರಲ್ಲಿ ಅಲಾಸ್ಕಾ ಕಡಲಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ಎಣ್ಣೆ ಸೋರಿದ ಮೇಲೆ ಈ ವಿಧಾನವನ್ನು ನಂಬಬಹುದಾ ಅನ್ನುವ ಪ್ರಶ್ನೆ ಎದ್ದಿತು. ಅರ್ಥಶಾಸ್ತ್ರಜ್ಞರಾದ ಕೆನೆತ್ ಆರೋ, ರಾಬರ್ಟ್ ಸೋಲೋ ಮುಂದಾಳತ್ವದ ಸಮಿತಿ 1993ರಲ್ಲಿ ವರದಿ ಕೊಟ್ಟಿತು. ‘ಎಷ್ಟು ಕೊಡುತ್ತೀರಿ’ ಅಂತ ಕೇಳಬೇಡಿ, ‘ಇಷ್ಟು ಕೊಡುತ್ತೀರಾ, ಇಲ್ಲವಾ’ ಅಂತ ಕೇಳಿ ಅನ್ನುವುದು ಅವರ ಮುಖ್ಯ ಸಲಹೆಗಳಲ್ಲಿ ಒಂದು.

ನಮ್ಮಲ್ಲೂ ಇದು ಬರೀ ಪುಸ್ತಕದ ಮಾತಲ್ಲ. ಕಾಡನ್ನು ಬೇರೆ ಕೆಲಸಕ್ಕೆ ಕೊಡುವಾಗ ಅದರ ನಿವ್ವಳ ಪ್ರಸ್ತುತ ಮೌಲ್ಯ (ಮುಂದೆ ಸಿಗಬೇಕಿದ್ದ ಲಾಭದ ಇವತ್ತಿನ ಬೆಲೆ) ವಸೂಲಿ ಮಾಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಅದನ್ನು ಲೆಕ್ಕ ಹಾಕಲು ಅರ್ಥಶಾಸ್ತ್ರಜ್ಞೆ ಕಾಂಚನ್ ಚೋಪ್ರಾ ಅವರ ಸಮಿತಿ ಕೆಲಸ ಮಾಡಿತು. 2008ರಲ್ಲಿ ನಿಗದಿಯಾದ ದರ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ. ಮುಂದೆ ಅದು ಏರಿತು. 2011ರಲ್ಲಿ ವನ್ಯಜೀವಿಧಾಮವಾದ ಚಿಂಚೋಳಿ ಕಾಡಿನ ಒಂದು ಹೆಕ್ಟೇರಿಗೆ ನೀವಾದರೆ ಎಷ್ಟು ಬೆಲೆ ಕಟ್ಟುತ್ತೀರಿ? ಕೊಂಚಾವರಂ ತಾಂಡಾದವರು ಎಷ್ಟು ಕಟ್ಟುತ್ತಾರೆ? ಎರಡು ಉತ್ತರ ಒಂದೇ ಆಗುವುದಿಲ್ಲ.

ಹೆಜ್ಜೆ 6: ನಿಮ್ಮ ಪ್ರಶ್ನೆ ಹುಡುಕಿ

ಇಡೀ ದಾರಿಯಲ್ಲಿ ಇದಕ್ಕೇ ಜಾಸ್ತಿ ಸಮಯ ಕೊಡಬೇಕು. ‘ಕಲಬುರಗಿ ಜಿಲ್ಲೆಯಲ್ಲಿ ಜಲಮಾಲಿನ್ಯ: ಒಂದು ಆರ್ಥಿಕ ಅಧ್ಯಯನ’. ಇಂಥ ಶೀರ್ಷಿಕೆ ಎಲ್ಲ ಲೈಬ್ರರಿಯಲ್ಲೂ ಸಾಲಾಗಿ ಕುಳಿತಿವೆ. ಇದರಲ್ಲಿ ಪ್ರಶ್ನೆಯೇ ಇಲ್ಲ. ಒಳ್ಳೆಯ ಪ್ರಶ್ನೆಗೆ ಎರಡು ಉತ್ತರ ಬರುವ ಸಾಧ್ಯತೆ ಇರಬೇಕು. ಯಾವುದು ಸರಿ ಅಂತ ನಿಮಗೆ ಮೊದಲೇ ಗೊತ್ತಿರಬಾರದು.

ಯಾದಗಿರಿಯಿಂದ ಶುರು ಮಾಡೋಣ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಸುರಪುರ, ಶಹಾಪುರ ದಾಟಿ ಜೇವರ್ಗಿ ಕಡೆ ಹೋಗುತ್ತದೆ. ಯೋಜನೆ ಮಾಡಿದ್ದು ಕಡಿಮೆ ನೀರಿನ ಬೆಳೆಗಳಿಗೆ. ಕಾಲುವೆ ತಲೆಯಲ್ಲಿ ಇರುವವರು ಭತ್ತ ಬೆಳೆದರು. ತುದಿಯವರು ನೀರಿಗಾಗಿ ಕಾಯುತ್ತಾರೆ. ಎಲ್ಲರಿಗೂ ಗೊತ್ತಿರುವ ಕಥೆ. ಅರ್ಥಶಾಸ್ತ್ರದ ಪ್ರಶ್ನೆ ಬೇರೆ: ಒಂದೇ ಪ್ರಮಾಣದ ನೀರನ್ನು ತಲೆಯಿಂದ ತುದಿಗೆ ಸರಿಸಿದರೆ ಒಟ್ಟು ಆದಾಯ ಏರುತ್ತದಾ, ಇಳಿಯುತ್ತದಾ? ದಾರಿಯಲ್ಲಿ ಇಂಗಿ ಹೋಗುವ ನೀರು ತೆಗೆದರೆ ಉತ್ತರ ಬದಲಾಗುತ್ತದಾ? ‘ತುದಿಯವರಿಗೆ ಅನ್ಯಾಯ’ ಅನ್ನುವ ಮಾತು ನ್ಯಾಯದ ಲೆಕ್ಕದಲ್ಲಿ ಸರಿ ಇದ್ದೂ ಆದಾಯದ ಲೆಕ್ಕದಲ್ಲಿ ಸೋಲಬಹುದು. ಅಥವಾ ಎರಡರಲ್ಲೂ ಗೆಲ್ಲಬಹುದು. ಎರಡನ್ನೂ ಬೇರೆ ಬೇರೆ ತೋರಿಸಿದರೆ ಅದು ಥೀಸಿಸ್.

ಇನ್ನು ಗಣಿ ಧೂಳು. ಗಣಿಯ ಹತ್ತಿರದ ಹೊಲಗಳಲ್ಲಿ ತೊಗರಿ ಇಳುವರಿ ಕಡಿಮೆ, ದೂರದಲ್ಲಿ ಜಾಸ್ತಿ ಅಂತ ಸಿಕ್ಕಿತು ಅಂದುಕೊಳ್ಳಿ. ಧೂಳೇ ಕಾರಣ ಅಂತ ಬರೆಯಬಹುದಾ? ತಡೆಯಿರಿ. ಸುಣ್ಣದಕಲ್ಲು ಮೇಲೆ ಇರುವ ಕಡೆಯೇ ಗಣಿ ತೆರೆಯುತ್ತಾರೆ. ಅಲ್ಲಿ ಮಣ್ಣಿನ ಪದರ ಮೊದಲೇ ತೆಳುವಾಗಿರಬಹುದು. ಗಣಿ ಬರುವ ಮುಂಚೆಯೂ ಇಳುವರಿ ಅಷ್ಟೇ ಇದ್ದಿರಬಹುದು. ವೈವಾದಲ್ಲಿ ಹೊರಗಿನ ಪರೀಕ್ಷಕರು ಮೊದಲು ಕೇಳುವುದೇ ಇದನ್ನು. ಇದಕ್ಕೆ ಒಂದು ಉಪಾಯ ಗಾಳಿ. ಗಣಿಯಿಂದ ಅಷ್ಟೇ ದೂರ, ಅಂಥದ್ದೇ ಮಣ್ಣು, ಆದರೆ ಗಾಳಿ ಬೀಸುವ ದಿಕ್ಕಿಗೆ ಇರುವ ಹೊಲಗಳನ್ನು ಎದುರು ದಿಕ್ಕಿನ ಹೊಲಗಳ ಜೊತೆ ಹೋಲಿಸಿ. ಇನ್ನೊಂದು, ಗಣಿ ತೆರೆಯುವ ಮೊದಲು ಮತ್ತು ನಂತರದ ವ್ಯತ್ಯಾಸವನ್ನು ಎರಡೂ ಗುಂಪಿನಲ್ಲಿ ತೆಗೆದು, ಒಂದರಿಂದ ಇನ್ನೊಂದನ್ನು ಕಳೆಯುವುದು. ಕಾರಣವನ್ನು ಬೇರ್ಪಡಿಸುವ ಈ ಕೆಲಸವೇ ಇವತ್ತಿನ ಸಂಶೋಧನೆಯ ಜೀವ. ಇದೇ ಭಾಗದಲ್ಲಿ ಇನ್ನೊಂದು ವಿಷಯವೂ ಇದೆ. 2015ರ ಕಾನೂನು ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ, ಅಂದರೆ ಗಣಿಯಿಂದ ತೊಂದರೆಯಾದ ಊರುಗಳಿಗಾಗಿ ಒಂದು ನಿಧಿ, ಬಂತು. ಹಳೆಯ ಗಣಿಗಳು ರಾಯಲ್ಟಿಯ ಶೇ. 30, ಹರಾಜಿನಲ್ಲಿ ಪಡೆದವು ಶೇ. 10ರಷ್ಟನ್ನು ಅದಕ್ಕೆ ಕೊಡಬೇಕು. ಆ ದುಡ್ಡು ಧೂಳು ಕುಡಿದ ಊರಿಗೇ ತಲುಪಿತಾ? ಊರುವಾರು ಲೆಕ್ಕ ಹಾಕಿ ನೋಡುವ ಪ್ರಶ್ನೆ ಇದು.

ಬೀದರಿಗೆ ನೌಬಾದಿನ ಕರೇಜ್ ಇದೆ. ಬಹಮನಿ ಕಾಲದ ನೆಲದಡಿಯ ನೀರಿನ ಸುರಂಗ. ಅದನ್ನು ಉಳಿಸಲು ಜನ ಎಷ್ಟು ಕೊಡುತ್ತಾರೆ ಅಂತ ಕೇಳಲು ಹೋದರೆ ಮೊದಲು ಬರುವ ಉತ್ತರ, ‘ನಾವ್ಯಾಕ್ ರೊಕ್ಕ ಕೊಡಬೇಕ್ರಿ? ಸರ್ಕಾರ ಮಾಡ್ಬೇಕು.’ ಈ ಉತ್ತರವನ್ನು ಸೊನ್ನೆ ರೂಪಾಯಿ ಅಂತ ಬರೆದುಕೊಂಡರೆ ತಪ್ಪು. ಅವರಿಗೆ ಕರೇಜ್ ಬೇಡ ಅಂತಲ್ಲ, ಕೇಳಿದ ರೀತಿ ಒಪ್ಪಿಗೆ ಇಲ್ಲ. ಹಾಗಾಗಿ ‘ಯಾಕೆ ಕೊಡುವುದಿಲ್ಲ’ ಅನ್ನುವ ಪ್ರಶ್ನೆ ಕಡ್ಡಾಯವಾಗಿ ಸೇರಿಸಿ. ರೊಕ್ಕದ ಬದಲು ಶ್ರಮದಾನದ ದಿನಗಳನ್ನು ಕೇಳಿ ನೋಡುವುದೂ ಒಂದು ದಾರಿ.

ಸರ್ವೇ ಮಾಡುವಾಗ ನಿಮಗೆ ಒಂದು ದೊಡ್ಡ ಅನುಕೂಲ ಇದೆ. ನಮ್ಮ ಕಡೆ ಒಂದೇ ತಾಲ್ಲೂಕಿನಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ, ಲಂಬಾಣಿ ಮಾತಾಡುವವರು ಸಿಗುತ್ತಾರೆ. ಹೊರಗಿನಿಂದ ಬಂದ ಸಂಶೋಧಕರಿಗೆ ಅದು ತಲೆನೋವು, ನಿಮಗೆ ಅಲ್ಲ. ಇಳುವರಿಯನ್ನು ಜನ ಚೀಲದಲ್ಲಿ ಹೇಳುತ್ತಾರೆ. ಚೀಲಕ್ಕೆ ಎಷ್ಟು ಕೆಜಿ ಅಂತ ಪ್ರತಿ ಊರಲ್ಲೂ ಕೇಳಿ ಬರೆದುಕೊಳ್ಳಿ. ತೊಗರಿ ರಾಶಿ ನಡೆಯುವಾಗ ಸರ್ವೇಗೆ ಹೋಗಬೇಡಿ, ಯಾರಿಗೂ ಪುರುಸೊತ್ತು ಇರುವುದಿಲ್ಲ.

ಹೆಜ್ಜೆ 7: ಡೇಟಾ, ಸಾಫ್ಟ್‌ವೇರ್

ಎಲ್ಲವನ್ನೂ ಸರ್ವೇಯಿಂದಲೇ ತರಬೇಕಾಗಿಲ್ಲ. ಅಂತರ್ಜಲ ಮಟ್ಟಕ್ಕೆ ಕೇಂದ್ರ ಅಂತರ್ಜಲ ಮಂಡಳಿ ಮತ್ತು ಇಂಡಿಯಾ-ವ್ರಿಸ್, ಮಳೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಮಾರುಕಟ್ಟೆ ಧಾರಣೆಗೆ ಅಗ್‌ಮಾರ್ಕ್‌ನೆಟ್, ಉಪಗ್ರಹ ನಕ್ಷೆಗೆ ಇಸ್ರೋದ ಭುವನ್. ಗಾಳಿಯ ಗುಣಮಟ್ಟಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಂಕಿ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ, ಅದರಲ್ಲಿ ಕಲಬುರಗಿಯೂ ಒಂದು.

ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಒಣ ಪ್ರದೇಶದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಇದೆ. ಬೀದರಿನವರಿಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಆ ಸಂಸ್ಥೆ 1975ರಿಂದ ಹಳ್ಳಿಗಳ ಮನೆಮನೆಯ ಲೆಕ್ಕ ಕೂಡಿಸಿದೆ. ಅದರಲ್ಲಿ ಪಕ್ಕದ ಸೊಲ್ಲಾಪುರ ಜಿಲ್ಲೆಯ ಹಳ್ಳಿಗಳೂ ಇವೆ. ಒಣ ಬೇಸಾಯದ ಬಗ್ಗೆ ಇಂಥ ದೀರ್ಘ ಅವಧಿಯ ಅಂಕಿಅಂಶ ಬೇರೆ ಕಡೆ ಸಿಗುವುದು ಅಪರೂಪ.

ಸಾಫ್ಟ್‌ವೇರ್‌ಗೆ ದುಡ್ಡು ಹಾಕಬೇಡಿ. ಲೆಕ್ಕಕ್ಕೆ ಆರ್, ನಕ್ಷೆಗೆ ಕ್ಯೂಜಿಐಎಸ್. ಎರಡೂ ಉಚಿತ.

ಹೆಜ್ಜೆ 8: ಪಿಎಚ್‌ಡಿ ಮತ್ತು ಗೈಡ್

ಈಗ ಎಂಫಿಲ್ ಇಲ್ಲ. 2022ರ ಯುಜಿಸಿ ನಿಯಮದಲ್ಲಿ ಅದು ನಿಂತಿತು. ಎಂಎಯಲ್ಲಿ ಶೇ. 55 ಬೇಕು, ಮೀಸಲಾತಿಯವರಿಗೆ ರಿಯಾಯಿತಿ ಇದೆ. ಪಿಎಚ್‌ಡಿ ಕನಿಷ್ಠ 3 ವರ್ಷ. 2024ರಿಂದ ಯುಜಿಸಿ-ನೆಟ್ ಅಂಕವನ್ನು ಪಿಎಚ್‌ಡಿ ಪ್ರವೇಶಕ್ಕೂ ಬಳಸುತ್ತಾರೆ. ಜೆಆರ್‌ಎಫ್ (ನೆಟ್‌ನಲ್ಲಿ ಮೇಲಿನ ಅಂಕ ಪಡೆದವರಿಗೆ ಸಿಗುವ ಸಂಶೋಧನಾ ಫೆಲೋಶಿಪ್) ಬಂದರೆ ತಿಂಗಳಿಗೆ 37,000 ರೂಪಾಯಿ. ಈ ದರ 2023ರ ಜನವರಿಯಿಂದ ಜಾರಿಯಲ್ಲಿದೆ. ನೆಟ್‌ನಲ್ಲಿ ನೆಗೆಟಿವ್ ಅಂಕ ಇಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಬಿಡಬೇಡಿ. ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಕನ್ನಡದಲ್ಲೂ ಇರುತ್ತದೆ. ಅದು ಉಪನ್ಯಾಸಕ ಹುದ್ದೆಗೆ ದಾರಿ, ಜೆಆರ್‌ಎಫ್ ಕೊಡುವುದಿಲ್ಲ.

ಗೈಡ್ ಹುಡುಕುವಾಗ ಅವರ ಹುದ್ದೆ ನೋಡಬೇಡಿ. ಕಳೆದ ಐದು ವರ್ಷದಲ್ಲಿ ಏನು ಬರೆದಿದ್ದಾರೆ ನೋಡಿ. ಅವರ ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ. ‘ಸರ್ ಚಾಪ್ಟರ್ ಕೊಟ್ಟರೆ ಎಷ್ಟು ದಿನಕ್ಕೆ ವಾಪಸ್ ಕೊಡುತ್ತಾರೆ?’ ಈ ಒಂದು ಪ್ರಶ್ನೆ ಸಾಕು, ಎಲ್ಲ ಗೊತ್ತಾಗುತ್ತದೆ. ಆಮೇಲೆ ಇಮೇಲ್ ಬರೆಯಿರಿ. ಆರೇಳು ಸಾಲು. ನೀವು ಯಾರು, ಅವರ ಯಾವ ಲೇಖನ ಓದಿದಿರಿ, ಅದರಲ್ಲಿ ಎಲ್ಲಿ ಪ್ರಶ್ನೆ ಬಂತು, ನಿಮ್ಮ ವಿಷಯ ಏನು. ಜೊತೆಗೆ ಒಂದು ಪುಟದ ಸಿನಾಪ್ಸಿಸ್. ‘ತಾವು ಹೇಳಿದ ಯಾವ ವಿಷಯವಾದರೂ ಸರಿ ಸರ್’ ಅಂತ ಬರೆಯಬೇಡಿ. ವಿನಯ ಅಂತ ನೀವು ಅಂದುಕೊಳ್ಳುತ್ತೀರಿ, ತಯಾರಿ ಇಲ್ಲ ಅಂತ ಅವರು ಅಂದುಕೊಳ್ಳುತ್ತಾರೆ.

ಎರಡು ಸಂಘಟನೆಗಳ ಕಡೆ ಕಣ್ಣಿಡಿ. ಸ್ಯಾಂಡೀ ಅನ್ನುವ ದಕ್ಷಿಣ ಏಷ್ಯಾ ಜಾಲ ಕಠ್ಮಂಡುವಿನಲ್ಲಿದೆ. ಇದೇ ವಿಷಯದಲ್ಲಿ ಯುವ ಸಂಶೋಧಕರಿಗೆ ತರಬೇತಿ, ಸಣ್ಣ ಅನುದಾನ ಕೊಡುತ್ತಾ ಬಂದಿದೆ. ಭಾರತೀಯ ಇಕಲಾಜಿಕಲ್ ಎಕನಾಮಿಕ್ಸ್ ಸಂಘ ಇನ್ಸೀ ಒಂದು ಪತ್ರಿಕೆ ತರುತ್ತದೆ. ಅದನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು.

ಹೊರದೇಶದ ಆಸೆ ಇದ್ದರೆ ಒಂದು ಗುಟ್ಟು. ಅಮೆರಿಕದಲ್ಲಿ ಈ ವಿಷಯದ ಗಟ್ಟಿ ವಿಭಾಗಗಳು ಎಷ್ಟೋ ಕಡೆ ‘ಅಗ್ರಿಕಲ್ಚರಲ್ ಅಂಡ್ ರಿಸೋರ್ಸ್ ಎಕನಾಮಿಕ್ಸ್’ ಹೆಸರಲ್ಲಿವೆ. ಬರ್ಕ್ಲಿ, ಡೇವಿಸ್, ಮೇರಿಲ್ಯಾಂಡ್ ಹಾಗೆಯೇ. ಯುರೋಪಿನಲ್ಲಿ ನೆದರ್‌ಲ್ಯಾಂಡ್ಸ್‌ನ ವಾಗನಿಂಗನ್, ಸ್ವೀಡನ್ನಿನ ಗೋಥೆನ್‌ಬರ್ಗ್ ನೋಡಿ. ಅಮೆರಿಕದ ಪಿಎಚ್‌ಡಿಗೆ ಸಾಮಾನ್ಯವಾಗಿ ಫೀಸ್ ಮಾಫಿ, ಮೇಲೆ ಸ್ಟೈಪೆಂಡ್. ಮಾಸ್ಟರ್ಸ್‌ಗೆ ಹಾಗಲ್ಲ, ಸಾಲ ಮಾಡುವ ಮುಂಚೆ ಎರಡು ಸಲ ಯೋಚಿಸಿ. ಅರ್ಜಿಯ ಕೊನೆ ದಿನ ಡಿಸೆಂಬರ್–ಜನವರಿ ಸುಮಾರಿಗೆ ಬರುತ್ತದೆ. ಶಿಫಾರಸು ಪತ್ರ ಬರೆಯುವ ಪ್ರೊಫೆಸರ್‌ಗಳನ್ನು ಆಗಸ್ಟ್‌ನಲ್ಲೇ ಕೇಳಿ.

ಹೆಜ್ಜೆ 9: ಕಾಗದಪತ್ರ ಮತ್ತು ದುಡ್ಡು

371(ಜೆ) ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಕಲ್ಯಾಣ ಕರ್ನಾಟಕದ ಒಳಗೆ ಶೇ. 70, ಹೊರಗೆ ಶೇ. 8 ಸೀಟು ನಮ್ಮ ಭಾಗದವರಿಗೆ. ಕೊಡುವುದು ಸಹಾಯಕ ಆಯುಕ್ತರು. ಕಲಬುರಗಿ ಜಿಲ್ಲೆಯವರಿಗೆ ಕಲಬುರಗಿ ಮತ್ತು ಸೇಡಂನಲ್ಲಿ, ಬೀದರಿನವರಿಗೆ ಬೀದರ್ ಮತ್ತು ಬಸವಕಲ್ಯಾಣದಲ್ಲಿ, ಯಾದಗಿರಿಯವರಿಗೆ ಯಾದಗಿರಿಯಲ್ಲೇ ಎಸಿ ಆಫೀಸ್ ಇದೆ. ಅಡ್ಮಿಶನ್ ಸಮಯದಲ್ಲಿ ಅಲ್ಲಿ ರಶ್ ಇರುತ್ತದೆ, ಮೊದಲೇ ಹೋಗಿ.

ಹಿಂದುಳಿದ ವರ್ಗದವರು ಒಂದು ಕಡೆ ಎಡವುತ್ತಾರೆ. ರಾಜ್ಯದ 2ಎ, 3ಬಿ ಪಟ್ಟಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ಕಡಗಂಚಿಗೆ, ನೆಟ್‌ಗೆ, ದೆಹಲಿಗೆ ಕೇಂದ್ರದ ನಮೂನೆಯ ಪ್ರಮಾಣಪತ್ರವೇ ಬೇಕು. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇದೆಯಾ ಅಂತ ಅರ್ಜಿ ತುಂಬುವ ಮೊದಲೇ ನೋಡಿಕೊಳ್ಳಿ. ಪಿಎಚ್‌ಡಿಗೆ ಪರಿಶಿಷ್ಟ ಜಾತಿ, ಪಂಗಡ, ಒಬಿಸಿ ವಿದ್ಯಾರ್ಥಿಗಳಿಗೆ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಐಸಿಎಸ್‌ಎಸ್‌ಆರ್ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ಕೂಡ ಡಾಕ್ಟೊರಲ್ ಫೆಲೋಶಿಪ್ ಕೊಡುತ್ತದೆ.

ಹೆಜ್ಜೆ 10: ಕೆಲಸದ ಲೆಕ್ಕ

ಮನೆಯಲ್ಲಿ ‘ಇದನ್ನು ಓದಿ ಏನ್ ಮಾಡ್ತಿ?’ ಅಂತ ಕೇಳಿಯೇ ಕೇಳುತ್ತಾರೆ. ಯುಪಿಎಸ್‌ಸಿ ನಡೆಸುವ ಇಂಡಿಯನ್ ಎಕನಾಮಿಕ್ ಸರ್ವಿಸ್ ಪರೀಕ್ಷೆಯ ಮೂರನೇ ಜನರಲ್ ಎಕನಾಮಿಕ್ಸ್ ಪೇಪರಿನಲ್ಲಿ ಪರಿಸರ ಅರ್ಥಶಾಸ್ತ್ರವೇ ಒಂದು ಭಾಗ. ಆ ಹುದ್ದೆಗೆ ವಯಸ್ಸು 21ರಿಂದ 30, ಮೀಸಲಾತಿಯವರಿಗೆ ಸಡಿಲಿಕೆ ಇದೆ. ನಬಾರ್ಡ್ ಗ್ರೇಡ್ ಎ, ಆರ್‌ಬಿಐನ ಸಂಶೋಧನಾ ಹುದ್ದೆಗಳು, ಡಿಗ್ರಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆ ಎಲ್ಲರಿಗೂ ಗೊತ್ತಿರುವವು. ಗೊತ್ತಿಲ್ಲದವು ಎರಡು. ಒಂದು, 2006ರ ಅಧಿಸೂಚನೆಯಂತೆ ದೊಡ್ಡ ಯೋಜನೆಗಳಿಗೆ ಪರಿಸರ ಪರಿಣಾಮ ವರದಿ ಬೇಕು. ಅದರ ಸಾಮಾಜಿಕ–ಆರ್ಥಿಕ ಅಧ್ಯಾಯ ಬರೆಯುವವರು ಬೇಕಾಗುತ್ತಾರೆ. ಕೆಲಸ ಇದೆ, ಆದರೆ ವರದಿಗೆ ದುಡ್ಡು ಕೊಡುವವರು ಯೋಜನೆಯ ಮಾಲೀಕರೇ. ಆ ಒತ್ತಡ ತಿಳಿದು ಹೋಗಿ. ಇನ್ನೊಂದು, ಜಲಾನಯನ, ನೀರು, ಹವಾಮಾನದ ಮೇಲೆ ಕೆಲಸ ಮಾಡುವ ಸಂಸ್ಥೆಗಳಲ್ಲಿ ರಿಸರ್ಚ್ ಅಸೋಸಿಯೇಟ್ ಹುದ್ದೆ. ಎಂಎ ಮುಗಿದ ಕೂಡಲೇ ಇವಕ್ಕೆ ಪ್ರಯತ್ನ ಮಾಡಬಹುದು. ಅಲ್ಲಿ ಅಂಕಪಟ್ಟಿಗಿಂತ ನೀವು ಮಾಡಿದ ಕೆಲಸ ನೋಡುತ್ತಾರೆ. ಸಂದರ್ಶನಕ್ಕೆ ಹೋಗುವಾಗ ಎಂಎ ಪ್ರಾಜೆಕ್ಟಿನ ಎರಡು ಪುಟದ ಸಾರಾಂಶ, ನೀವೇ ಮಾಡಿದ ಒಂದು ನಕ್ಷೆ, ಆರ್‌ನಲ್ಲಿ ಬರೆದ ಕೋಡ್ ಫೈಲ್ ಜೊತೆಗಿರಲಿ.